ಅಜ್ಜಿ ಬೆಂಕಿ ಹಂಚಿದ ಬೆಳಗು

ಬಂದರೆ ಗಿಡದ ಸೊಪ್ಪು ಸುಟ್ಟ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಮೊಳಕಾಲ್ಮೂರಿನ ಕಡೆಯ ಬೋಳು ಗುಡ್ಡಗಳ ಮೇಲೆ, ಬಂಡೆಗಳ ಸಂದಿಯಲ್ಲಿ, ಯಾರೂ ಬಿತ್ತದೆ ಯಾರೂ ನೀರು ಹೊಯ್ಯದೆ ಬೆಳೆಯುವ ಗಿಡ ಅದು. ಎಲೆ ಮುಟ್ಟಿದರೆ ಬೆರಳೆಲ್ಲ ಅಂಟಂಟು. ಹಸಿದ ಕುರಿಯೂ ಅದನ್ನು ಮೂಸಿ ನೋಡಿ ಮುಂದೆ ಹೋಗುತ್ತದೆ. ಆದರೆ ಒಣಗಿದ ಕಡ್ಡಿಗೆ ಒಂದು ಕೆಂಡ ತಾಗಿಸಿದರೆ ಸಾಕು, ಚಟಚಟನೆ ಹತ್ತಿಕೊಂಡು, ಸ್ವಲ್ಪ ಕಹಿಯಾದ, ಸ್ವಲ್ಪ ಔಷಧದಂಥ ಹೊಗೆ ಮೇಲೇಳುತ್ತದೆ. ಮೊನ್ನೆ ಚಳ್ಳಕೆರೆಯಿಂದ ಬಸ್ಸಿನಲ್ಲಿ ಬರುವಾಗ, ಬಿ.ಜಿ. ಕೆರೆ ದಾಟಿದ ಮೇಲೆ, ಯಾರೋ ಹೊಲದ ಬದುವಿನಲ್ಲಿ ಕಸಕಡ್ಡಿಯ ಜೊತೆ ಒಣಗಿದ ಬಂದರೆಯನ್ನೂ ಒಟ್ಟಿ ಬೆಂಕಿ ಹಾಕಿದ್ದರು. ಆ ಹೊಗೆಯ ಒಂದೆಳೆ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, ‘ಗಾಜು ಎಳಿಯಮ್ಮ, ಕಣ್ಣುರಿ’ ಎಂದಳು. ನಾನು ಗಾಜನ್ನು ಇನ್ನಷ್ಟು ಆಚೆ ಸರಿಸಿದೆ. ಅವಳು ನನ್ನನ್ನು ಬೈದುಕೊಂಡಿರಬೇಕು, ಬೈದುಕೊಳ್ಳಲಿ. ಅಷ್ಟು ಹೊತ್ತು ನಾನು ಆ ಬಸ್ಸಿನಲ್ಲಿ ಇರಲೇ ಇಲ್ಲ. ನಮ್ಮ ಹಟ್ಟಿಯ ದೊಡ್ಡಮನೆಯಲ್ಲಿ, ಒಲೆಯ ಎದುರು, ಅಜ್ಜಿಯ ತೊಡೆಗೆ ಒರಗಿ ಕೂತಿದ್ದೆ.

ನಮ್ಮದು ದೇವಸಮುದ್ರದಿಂದ ಆಚೆ, ಆಂಧ್ರದ ಗಡಿಗೆ ಕೂಗಳತೆಯಲ್ಲಿದ್ದ ಮ್ಯಾಸನಾಯಕರ ಹಟ್ಟಿ. ಸುತ್ತಲೂ ಜಾಲಿಮುಳ್ಳಿನ ಬೇಲಿ, ನಡುವೆ ಬೇವಿನ ಮರ, ಅದರ ಬುಡಕ್ಕೆ ಕಲ್ಲಿನ ಕಟ್ಟೆ, ಕಟ್ಟೆಗೆ ಎದುರಾಗಿ ನಮ್ಮ ಮನೆ. ಉದ್ದನೆಯ ಮಾಳಿಗೆ ಮನೆ, ಮಣ್ಣು ಮೆತ್ತಿದ ಸಪಾಟು ಸೂರು, ಮಣ್ಣಿನ ದಪ್ಪ ಗೋಡೆ. ಬೇಸಿಗೆಯ ಮಧ್ಯಾಹ್ನ ಹೊರಗೆ ನೆಲ ಸಿಡಿಯುತ್ತಿದ್ದರೆ ಒಳಗೆ ಮಾತ್ರ ಮಡಕೆಯ ನೀರಿನ ತಂಪು. ಗೋಡೆಯ ಪಕ್ಕದ ಕಾಳಿನ ಹಗೇವಿನಿಂದ ಸಜ್ಜೆಯ ವಾಸನೆ, ಮೂಲೆಯಲ್ಲಿ ಒಟ್ಟಿದ ಕಂಬಳಿಗಳಿಂದ ಉಣ್ಣೆಯ ವಾಸನೆ, ಹಿಂದಿನ ರೊಪ್ಪದಿಂದ ಕುರಿಮರಿಗಳ ಹಾಲುಬಾಯಿಯ ವಾಸನೆ, ಎಲ್ಲ ಕಲೆಸಿಕೊಂಡು ಆ ಮನೆಗೇ ಒಂದು ಮೈಯಿತ್ತು ಅನ್ನಿಸುತ್ತದೆ ನನಗೆ. ತೊಂಬತ್ತರ ದಶಕದ ಮಾತು ಇದು. ಕರೆಂಟು ಬಂದಿತ್ತು, ಇರುತ್ತಿರಲಿಲ್ಲ. ರೇಡಿಯೋ ಇತ್ತು, ಸೆಲ್ಲು ಇರುತ್ತಿರಲಿಲ್ಲ. ಹೀಗಾಗಿ ನಾವು ಮಕ್ಕಳು ಸಂಜೆಯಾದರೆ ಒಲೆಯ ಬೆಳಕಿನಲ್ಲಿ ಗೋಡೆಯ ಮೇಲೆ ಓಡಾಡುವ ದೊಡ್ಡವರ ನೆರಳುಗಳನ್ನೇ ನೋಡುತ್ತ ನಿದ್ದೆಹೋಗುತ್ತಿದ್ದೆವು. ಯಾವುದು ನೆರಳು, ಯಾವುದು ಕನಸು ಎಂದು ಈಗ ಬೇರ್ಪಡಿಸಿ ಹೇಳಲಾರೆ.

ಆ ಮನೆಯ ಯಜಮಾನಿಕೆ ನಮ್ಮ ಅಜ್ಜಿ ಬೋರಕ್ಕನದು. ತಾತ ತೀರಿಕೊಂಡಾಗ ನಮ್ಮ ಚಿಕ್ಕಪ್ಪ ಇನ್ನೂ ಅಂಬೆಗಾಲಿಡುತ್ತಿದ್ದನಂತೆ. ಅಂದಿನಿಂದ ಮೂರು ಗಂಡುಮಕ್ಕಳನ್ನು, ಆಮೇಲೆ ಮೂವರು ಸೊಸೆಯರನ್ನು, ಕುರಿ ದನ ಹೊಲ ಎಲ್ಲವನ್ನೂ ಒಂದೇ ಒಲೆಯ ಸುತ್ತ ಹಿಡಿದಿಟ್ಟವಳು ಅವಳು. ಹಟ್ಟಿಯವರು ಅವಳನ್ನು ಯಜಮಾನ್ತಿ ಎಂದೇ ಕರೆಯುತ್ತಿದ್ದರು. ನೋಡಿದರೆ ಹಾಗೆ ಅನ್ನಿಸುತ್ತಿರಲಿಲ್ಲ. ಗಿಡ್ಡ ಮೈ, ಮೊಣಕೈವರೆಗೂ ಹಚ್ಚೆ, ಎಲೆ ಅಡಿಕೆಗೆ ಕೆಂಪಾದ ಬಾಯಿ. ಬೆಳಿಗ್ಗೆ ಎದ್ದು ಅಂಗಳದಲ್ಲಿ ನಿಂತು, ಗಾಳಿಗೆ ಮೂಗು ಒಡ್ಡಿ, ಕುರಿಗಳು ಇವತ್ತು ಯಾವ ದಿಕ್ಕಿಗೆ ಹೋಗಬೇಕು, ಹೊಲಕ್ಕೆ ಯಾರು, ನೀರಿಗೆ ಯಾರು, ಯಾವ ಸೊಸೆಗೆ ಸೊಂಟ ನೋಯುತ್ತಿರುವುದರಿಂದ ಅವಳು ಸುಮ್ಮನೆ ನೆರಳಲ್ಲಿ ಕೂತು ಶೇಂಗಾ ಸುಲಿಯಬೇಕು, ಎಲ್ಲವನ್ನೂ ಹೇಳಿ ಮುಗಿಸುತ್ತಿದ್ದಳು. ಕೂಗಿ ಹೇಳಿದ್ದನ್ನು ನಾನು ಕೇಳಿಲ್ಲ. ಸಿಟ್ಟು ಬಂದರೆ ಮಾತ್ರ ಕನ್ನಡ ಬಿಟ್ಟು ತೆಲುಗಿಗೆ ಹೋಗುತ್ತಿದ್ದಳು. ‘ಇಂಕ ಚಾಲು’ ಎಂದಳೆಂದರೆ, ಸಾಕು ಮಾಡಿ ಎಂದರ್ಥ. ದನಗಳೂ ತಲೆಯೆತ್ತಿ ನೋಡುತ್ತಿದ್ದವು.

ಅವಳ ಒಡೆತನವೆಲ್ಲ ಇದ್ದದ್ದು ಆ ಒಲೆಯಲ್ಲಿ. ಮೂರು ಕಲ್ಲಿನ, ನಾವು ಮಕ್ಕಳು ಒಳಗೆ ಕೂರಬಹುದಾದಷ್ಟು ದೊಡ್ಡ ಒಲೆ. ರಾತ್ರಿ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಬೆಳಿಗ್ಗೆ ಕೆದಕಿ, ಬಂದರೆ ಕಡ್ಡಿ ಒಡ್ಡಿ ಊದಿದರೆ ಮತ್ತೆ ಉರಿ. ಅಜ್ಜಿ ಸೊಸೆಯಾಗಿ ಬಂದಾಗಿನಿಂದ ಆ ಬೆಂಕಿ ಆರಿರಲಿಲ್ಲವಂತೆ. ನಮ್ಮ ಹಟ್ಟಿಯಲ್ಲಿ ಬೆಂಕಿ ಹೆಂಗಸರದು. ಗಂಡಸರು ಬೀಡಿ ಹಚ್ಚುವುದಕ್ಕೂ ಒಲೆಯ ಮುಂದಿದ್ದ ಹೆಂಗಸನ್ನು ಕೇಳಿ ಕೊಳ್ಳಿ ಇಸಿದುಕೊಳ್ಳಬೇಕಿತ್ತು. ಅಣ್ಣತಮ್ಮಂದಿರು ಬೇರೆಯಾದರೆ ಕುರಿ, ದನ, ಹೊಲ ಹಂಚುವವರು ಗಂಡಸರು. ಬೆಂಕಿ ಹಂಚುವವಳು ಮಾತ್ರ ಮನೆಯ ಯಜಮಾನ್ತಿ. ಅವಳು ಅದನ್ನು ಕೊಡುವುದು ಮಕ್ಕಳ ಕೈಗಲ್ಲ, ಸೊಸೆಯರ ಕೈಗೆ. ಯಾವ ಸೊಸೆಯ ಕೈಗೆ ಕೆಂಡ ಬಿತ್ತೋ ಅವಳು ಆ ಹೊಸ ಒಲೆಯ ಯಜಮಾನ್ತಿ. ಹಂಚಿದ ಮೇಲೆ ಹಳೆಯ ಒಲೆಯನ್ನು ಹಾಲು ಚಿಮುಕಿಸಿ ಆರಿಸಿಬಿಡಬೇಕು. ಅಲ್ಲಿಗೆ ಹಳೆಯ ಯಜಮಾನಿಕೆಯೂ ಮುಗಿಯಿತು.

ಸಂಜೆ ಹೊತ್ತು ಹಟ್ಟಿಯ ಹೆಂಗಸರು ಒಬ್ಬೊಬ್ಬರೇ ಮಡಕೆ ಚೂರು ಹಿಡಿದು ನಮ್ಮ ಹೊಸ್ತಿಲಿಗೆ ಬರುತ್ತಿದ್ದರು. ಅವರವರ ಮನೆಗಳಲ್ಲಿ ಬೆಂಕಿಪೊಟ್ಟಣ ಇರಲಿಲ್ಲವೆಂದಲ್ಲ. ಕೆಂಡಕ್ಕೆಂದು ಬಂದು ಕೂತರೆ ಮಾತು ಶುರುವಾಗುತ್ತಿತ್ತು. ಯಾರ ಮನೆಯಲ್ಲಿ ಗಂಡ ಕೈ ಎತ್ತಿದ, ಯಾರ ಮಗಳಿಗೆ ಜ್ವರ ಬಿಟ್ಟಿಲ್ಲ, ಯಾರ ಎತ್ತು ಯಾರ ಹೊಲಕ್ಕೆ ನುಗ್ಗಿತು. ಅಜ್ಜಿ ಕೇಳುತ್ತ ಕೇಳುತ್ತ ಕೆಂಡ ಆಯ್ದು ಚೂರಿಗೆ ಹಾಕುವಳು, ‘ನಿನ್ನ ಗಂಡನ್ನ ನಾಳೆ ಇತ್ತ ಕಳಿಸು’ ಎನ್ನುವಳು, ಅಷ್ಟೆ. ಮಾರನೆಯ ದಿನ ಆ ಗಂಡ ನಮ್ಮ ಅಂಗಳದಲ್ಲಿ ನಿಂತು ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆರೆಯುತ್ತಿದ್ದುದನ್ನು ನಾವು ಮಕ್ಕಳು ಬಾಗಿಲ ಸಂದಿಯಿಂದ ನೋಡಿ ನಗುತ್ತಿದ್ದೆವು. ಕೆಂಡ ಹೊತ್ತ ಹೆಂಗಸರು ಮುಸ್ಸಂಜೆಯಲ್ಲಿ ಹಟ್ಟಿಯ ನಾಲ್ಕೂ ಕಡೆಗೆ ನಡೆದುಹೋಗುವಾಗ ಮೈ ಕಾಣದೆ ಕೆಂಪು ಚುಕ್ಕೆಗಳಷ್ಟೇ ತೇಲಿಕೊಂಡು ಹೋಗುತ್ತಿದ್ದವು. ಅಷ್ಟು ಚಂದದ್ದನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಇನ್ನು ಕಟ್ಟೆ. ಅದು ಗಂಡಸರ ಜಾಗ. ಹೆಂಗಸರು ಕಟ್ಟೆ ಹತ್ತುವಂತಿರಲಿಲ್ಲ. ಹಟ್ಟಿಯ ಹಿರಿಯ ಸೂರಯ್ಯ ತಾತ ಕೋಲು ಹಿಡಿದು ನಡುವೆ ಕೂತರೆ, ಸುತ್ತ ಮನೆಗೊಬ್ಬರು ಗಂಡಸರು. ಅಲ್ಲಿ ಒಬ್ಬ ಎಲೆ ಅಡಿಕೆ ಹಿಡಿದು ಮಾತು ಕೊಟ್ಟನೆಂದರೆ ಅದು ಅವನ ಒಲೆಗೆ ಸೇರಿದವರೆಲ್ಲರಿಗೂ ಕಟ್ಟು, ಹಿಂದೆಗೆಯುವಂತಿಲ್ಲ. ಒಲೆ ಬೇರೆಯಾದರೆ ಮಾತ್ರ ಹಳೆಯ ಮಾತು ಹೊಸ ಒಲೆಗೆ ತಾಕುತ್ತಿರಲಿಲ್ಲ, ಅವರನ್ನು ಹೊಸದಾಗಿ ಕೇಳಬೇಕಿತ್ತು. ನಮ್ಮ ಮನೆಯಿಂದ ಕಟ್ಟೆಗೆ ಹೋಗುತ್ತಿದ್ದವನು ದೊಡ್ಡಪ್ಪ ಓಬಯ್ಯ, ಅಜ್ಜಿಯ ಹಿರಿಯ ಮಗ. ಆಳು ಎತ್ತರ, ಮೀಸೆ ದೊಡ್ಡದು. ಅವನಿಗೆ ಒಂದು ಅಭ್ಯಾಸವಿತ್ತು. ಯಾವುದೇ ಮಾತು ಕಡೆಯ ಹಂತಕ್ಕೆ ಬಂತೆಂದರೆ, ‘ವಸಿ ನೀರು ಕುಡಿದು ಬರ್ತೀನಿ’ ಎಂದು ಎದ್ದು ಮನೆಗೆ ಬರುವನು. ಅಜ್ಜಿ ಚೊಂಬು ಹಿಡಿದು ಬಾಗಿಲಲ್ಲೇ ಇರುತ್ತಿದ್ದಳು. ಅವನು ಕುಡಿಯುವ ನಾಲ್ಕು ಗುಟುಕಿನ ನಡುವೆ ಅವಳು ಹೇಳಬೇಕಾದ್ದನ್ನು ಹೇಳಿ ಮುಗಿಸುವಳು. ಅವನು ಬಾಯಿ ಒರೆಸಿಕೊಂಡು ಹೋಗಿ ತನ್ನದೇ ಮಾತೆಂಬಂತೆ ಗತ್ತಿನಲ್ಲಿ ಹೇಳುವನು. ಇದು ಹಟ್ಟಿಗೆಲ್ಲ ಗೊತ್ತು. ಬೇರೆ ಗಂಡಸರಿಗೂ ಕಟ್ಟೆಯ ಮೇಲೆ ಆಗಾಗ ಬಾಯಾರಿಕೆಯಾಗುತ್ತಿತ್ತು. ಯಾರೂ ಯಾರನ್ನೂ ಆಡಿಕೊಳ್ಳುತ್ತಿರಲಿಲ್ಲ. ಗಂಡಸರು ಆಳುತ್ತಿದ್ದಾರೆಂದು ಗಂಡಸರೂ ಹೆಂಗಸರೂ ಸೇರಿ ನಡೆಸುತ್ತಿದ್ದ ಆಟ ಅದು, ಬಹಳ ಚೆನ್ನಾಗಿಯೇ ನಡೆಯುತ್ತಿತ್ತು.

ಚಿಕ್ಕಪ್ಪನ ಹೆಂಡತಿ, ನಮ್ಮ ಚಿಕ್ಕವ್ವ ಪಾಲಕ್ಕ, ಆ ಮನೆಗೆ ಸೊಸೆಯಾಗಿ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ತೆಳ್ಳಗಿನ ಹುಡುಗಿ. ಬೀಸುವ ಕಲ್ಲಿನ ಮುಂದೆ ಕೂತಳೆಂದರೆ ಹಾಡು ಬರುವುದು, ಹಾಡಿನಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಅವಳ ಬೆನ್ನಿಗೆ ಕೆನ್ನೆ ಒತ್ತಿಕೊಂಡು ಕೂತರೆ ಕಲ್ಲಿನ ಗುರುಗುರುವೂ ಹಾಡೂ ಒಟ್ಟಿಗೇ ನನ್ನ ಕಿವಿಗೆ ಇಳಿಯುತ್ತಿದ್ದವು. ನನ್ನ ಅವ್ವನಿಗೆ ಕೆಲಸ ಹೆಚ್ಚು, ಮುದ್ದು ಕಡಿಮೆ. ಹಾಗಾಗಿ ನನಗೆ ಹೇನು ತೆಗೆದವಳು, ಕಾಲಿನ ಮುಳ್ಳು ಕಿತ್ತವಳು, ಗುಡ್ಡದಿಂದ ಕಾರೆಹಣ್ಣು ಸೆರಗಿನಲ್ಲಿ ಕಟ್ಟಿ ತಂದವಳು ಚಿಕ್ಕವ್ವನೇ. ಅವಳಿಗೆ ಗಂಗಿ ಹುಟ್ಟಿದಾಗ ನನಗೆ ಹೊಟ್ಟೆಕಿಚ್ಚು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಗಂಗಿ ಇನ್ನೂ ಮೊಲೆ ಕುಡಿಯುತ್ತಿದ್ದಾಗಲೇ, ಮುಂಗಾರಿನ ಒಂದು ಮಧ್ಯಾಹ್ನ, ಕುರಿಗಳ ಜೊತೆ ಮರದ ಕೆಳಗೆ ನಿಂತಿದ್ದ ಚಿಕ್ಕಪ್ಪನಿಗೆ ಸಿಡಿಲು ಬಡಿಯಿತು. ಅವನನ್ನು ಕಂಬಳಿಯಲ್ಲಿ ಹೊತ್ತು ತಂದರು. ಆಮೇಲೆ ಬಹಳ ದಿನ ಬೀಸುವ ಕಲ್ಲಿನ ಸದ್ದು ಮಾತ್ರ ಕೇಳುತ್ತಿತ್ತು, ಹಾಡು ಕೇಳುತ್ತಿರಲಿಲ್ಲ.

ಗಂಡ ಸತ್ತವಳಿಗೆ ಇನ್ನೊಬ್ಬನ ಜೊತೆ ಸಂಬಂಧ ಕಟ್ಟಿಕೊಡುವ ರೂಢಿ ನಮ್ಮಲ್ಲಿತ್ತು. ಕೂಡಿಕೆ ಎನ್ನುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಹಾಗೆ ಹೋಗಿ ಸುಖವಾಗಿ ಬಾಳಿದವರನ್ನು ನಾನು ಬಲ್ಲೆ. ಆದರೆ ಹೋಗುವವಳು ಒಬ್ಬಳೇ ಹೋಗಬೇಕು. ಮಗು ಅಪ್ಪನ ಕುಲದ್ದು, ಅಪ್ಪನ ಮನೆಯಲ್ಲೇ ಉಳಿಯಬೇಕು. ವರ್ಷ ಕಳೆದ ಮೇಲೆ ರಾಯದುರ್ಗದ ಕಡೆಯಿಂದ ಕೆಲವರು ಕಟ್ಟೆಗೆ ಬಂದರು. ಅವರಲ್ಲಿ ಹೆಂಡತಿ ತೀರಿಹೋದ ಒಬ್ಬನಿದ್ದ. ಕುರಿಯುಳ್ಳವನು, ಮೆತ್ತಗಿನ ಮನುಷ್ಯ. ಪಾಲಕ್ಕನನ್ನು ಕೇಳಿದರು. ಗಂಗಿ ಆಗ ತಾನೇ ಗೋಡೆ ಹಿಡಿದು ನಿಲ್ಲುವುದನ್ನು ಬಿಟ್ಟು ನಡೆಯತೊಡಗಿದ್ದಳು.

ಮಾತು ಕಡೆಯ ಹಂತಕ್ಕೆ ಬಂದಾಗ ದೊಡ್ಡಪ್ಪ ಎಂದಿನಂತೆ ಏಳುವುದಕ್ಕೆ ಹೋದನಂತೆ. ಬಂದವರಲ್ಲಿ ಒಬ್ಬ ತರುಣ ನಕ್ಕು, ‘ಏನಪ್ಪಾ, ಈ ಹಟ್ಟಿಯಾಗೆ ಗಂಡಸ್ರಿಗೆಲ್ಲ ಬಾಯಾರಿಕೆ ಜಾಸ್ತಿ ಅಂತ ನಮ್ಮ ಕಡೆಗೂ ಸುದ್ದಿ ಬಂದೈತಪ್ಪಾ’ ಎಂದನಂತೆ. ಉಳಿದವರೂ ನಕ್ಕರು. ಮೀಸೆಯ ಮನುಷ್ಯ ಅಲ್ಲವೇ, ದೊಡ್ಡಪ್ಪ ಕೂತುಬಿಟ್ಟ. ಆ ಒಂದು ದಿನ ಅವನಿಗೆ ನೀರು ಬೇಡವಾಯಿತು. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಚಿಕ್ಕ ವಯಸ್ಸಿನ ಹೆಣ್ಣು, ಒಳ್ಳೆಯ ಕಡೆ ಸೇರಲಿ ಎಂದುಕೊಂಡ. ಎಲೆ ಅಡಿಕೆ ಹಿಡಿದ. ಅಮಾವಾಸ್ಯೆ ಕಳೆದ ಮೇಲೆ ಬಂದು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು.

ಬಾಗಿಲಲ್ಲಿ ಚೊಂಬು ಹಿಡಿದು ನಿಂತಿದ್ದ ಅಜ್ಜಿಯ ಪಕ್ಕದಲ್ಲಿ ನಾನಿದ್ದೆ. ದೊಡ್ಡಪ್ಪ ಬಂದವನು ಚೊಂಬಿನ ಕಡೆ ನೋಡಲಿಲ್ಲ.

‘ಎಲೆ ಹಿಡಿದ್ಯಾ?’ ಎಂದಳು ಅಜ್ಜಿ.

‘ಹಿಡಿದೆ ಕಣವ್ವ. ಒಳ್ಳೆ ಜನ. ಪಾಲಕ್ಕಗೆ ಒಳ್ಳೇದಾಗ್ತೈತೆ.’

‘ಪಾಲಕ್ಕನ್ನ ಕೇಳಿದ್ಯಾ?’

ದೊಡ್ಡಪ್ಪ ತಿರುಗಿ ಕಟ್ಟೆಯ ಕಡೆ ನೋಡಿದ. ಅಜ್ಜಿ ಚೊಂಬಿನ ನೀರನ್ನು ಬಾಗಿಲ ಪಕ್ಕದ ತುಳಸಿಗೆ ಸುರಿದು ಒಳಗೆ ಹೋದಳು. ತೆಲುಗಿನಲ್ಲಿ ಒಂದು ಮಾತೂ ಬರಲಿಲ್ಲ. ನಮಗೆಲ್ಲ ಅದಕ್ಕೇ ಹೆದರಿಕೆಯಾಯಿತು.

ಅಮಾವಾಸ್ಯೆಯವರೆಗಿನ ಆ ದಿನಗಳು ನನ್ನ ನೆನಪಿನಲ್ಲಿ ನೀರೊಳಗಿನಿಂದ ನೋಡಿದ ಹಾಗೆ ಇವೆ. ಎಲ್ಲರೂ ಮೆಲ್ಲಗೆ ನಡೆಯುತ್ತಿದ್ದರು, ಮೆಲ್ಲಗೆ ಉಣ್ಣುತ್ತಿದ್ದರು. ಚಿಕ್ಕವ್ವ ಅತ್ತು ಕರೆದು ಮಾಡಲಿಲ್ಲ. ಗಂಗಿಗೆ ಮೊಲೆ ಬಿಡಿಸಬೇಕೆಂದು ಯಾರೋ ಬೇವಿನ ಸೊಪ್ಪು ಅರೆದುಕೊಟ್ಟರು, ಅವಳು ಅದನ್ನು ಹಿತ್ತಿಲಿಗೆ ಎಸೆದಳು. ಮಗುವಿಗೆ ಯಾವಾಗಲೂ ಇಲ್ಲದಷ್ಟು ಎಣ್ಣೆ ಹಚ್ಚಿ ನೀರು ಹಾಕುವಳು, ಒರೆಸುವಳು, ಮತ್ತೆ ಸಂಜೆ ಎಣ್ಣೆ ಹಚ್ಚುವಳು. ಒಂದು ಸಲ ನನ್ನನ್ನು ಹತ್ತಿರ ಕರೆದು, ‘ಇವಳಿಗೆ ರಾತ್ರಿ ಕಿವಿ ಸವರಿದ್ರೆ ನಿದ್ದೆ ಬರ್ತೈತೆ ಕಣೆ, ನೆನಪಿಟ್ಕ’ ಎಂದಳು. ನಾನು ಓಡಿಹೋಗಿ ರೊಪ್ಪದೊಳಗೆ ಕುರಿಗಳ ನಡುವೆ ಕೂತು ಅತ್ತೆ. ಅಜ್ಜಿಯಾದರೋ ದಿನವಿಡೀ ಒಲೆಯ ಎದುರು ಕೂತು ಉರಿಯನ್ನೇ ನೋಡುತ್ತಿದ್ದಳು. ಸಂಜೆ ಕೆಂಡಕ್ಕೆ ಬಂದ ಹೆಂಗಸರಿಗೂ ಹೆಚ್ಚು ಮಾತಿಲ್ಲ. ಅವಳು ಸೋತಳೆಂದು ಹಟ್ಟಿಯವರು ಪಿಸುಗುಟ್ಟಿದರು. ನಾನೂ ಹಾಗೆಯೇ ತಿಳಿದಿದ್ದೆ.

ರಾಯದುರ್ಗದವರು ಬರಬೇಕಿದ್ದ ದಿನ, ಇನ್ನೂ ಬೆಳಕು ಹರಿಯುತ್ತಿರುವಾಗಲೇ, ಅವ್ವ ನನ್ನನ್ನು ತಟ್ಟಿ ಎಬ್ಬಿಸಿದಳು. ನಡುಮನೆ ಸಾರಿಸಿತ್ತು, ಇನ್ನೂ ಒದ್ದೆ. ಅಜ್ಜಿ ತಲೆಗೆ ನೀರು ಹಾಕಿಕೊಂಡು, ಬಿಳಿಯ ಸೀರೆ ಉಟ್ಟು, ಬಿಚ್ಚುಗೂದಲಿನಲ್ಲಿ ಒಲೆಯ ಮುಂದೆ ಕೂತಿದ್ದಳು. ಅಷ್ಟು ಉದ್ದ ಕೂದಲು ಅವಳಿಗೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಪಕ್ಕದಲ್ಲಿ ಕೆಂಡ ಹಾಕಲು ಮೂರು ಹೊಸ ಮಣ್ಣಿನ ಬೋಕಿಗಳು, ಒಂದು ಬಟ್ಟಲು ಹಾಲು. ಮೂವರು ಸೊಸೆಯರೂ ಎದುರಿಗೆ ನಿಂತಿದ್ದರು. ಬೋಕಿಗಳನ್ನು ನೋಡಿದ್ದೇ ದೊಡ್ಡಪ್ಪನಿಗೆ ಅರ್ಥವಾಗಿರಬೇಕು, ಬಾಗಿಲಲ್ಲೇ ಕುಸಿದು ಕೂತ.

‘ನನ್ನ ಒಂದು ಮಾತಿಗೆ ಮನೆ ಒಡೀತೀಯೇನವ್ವಾ?’ ಎಂದ.

‘ಇದನ್ನ ಕಟ್ಟಿದೋಳು ನಾನು ಕಣಪ್ಪ’ ಎಂದಳು ಅಜ್ಜಿ. ‘ಒಡೆದ್ರೆ ನನ್ನ ಕೈಯಾಗೇ ಒಡೀಬೇಕು.’

ಅಜ್ಜಿ ಒಲೆಯಿಂದ ಮೊದಲ ಕೆಂಡಗಳನ್ನು ಎತ್ತಿ ಬೋಕಿಗೆ ಹಾಕಿದಳು. ಹಿರಿಯ ಸೊಸೆ, ದೊಡ್ಡಪ್ಪನ ಹೆಂಡತಿ, ಕೈ ಮುಂದೆ ಚಾಚಿದಳು, ಪದ್ಧತಿ ಅದೇ. ಅಜ್ಜಿ ಅವಳನ್ನು ದಾಟಿ, ನನ್ನ ಅವ್ವನನ್ನು ದಾಟಿ, ಕಡೆಗೆ ನಿಂತಿದ್ದ ಪಾಲಕ್ಕನ ಕೈಗೆ ಅದನ್ನಿಟ್ಟಳು. ಗಂಡ ಇಲ್ಲದವಳಿಗೆ ಕೆಂಡ ಕೊಡಬಾರದೆಂದು ಯಾವ ಕಾಲದಲ್ಲೂ ಯಾರೂ ಹೇಳಿರಲಿಲ್ಲ. ಹೇಳಬೇಕಾಗುತ್ತದೆಂದು ಯಾರಿಗೂ ಹೊಳೆದೇ ಇರಲಿಲ್ಲ. ಚಿಕ್ಕವ್ವ ಬೋಕಿಯ ಕೆಳಗೆ ಸೆರಗಿನ ತುದಿ ಒತ್ತಿಕೊಂಡಳು. ‘ಗಟ್ಟಿಯಾಗಿ ಹಿಡ್ಕ’ ಎಂದಳು ಅಜ್ಜಿ, ‘ರೊಪ್ಪದ ಪಕ್ಕದ ಗುಡಿಸಲಾಗೆ ಕಲ್ಲು ಹೂಡಿಟ್ಟೀನಿ, ಹೋಗಿ ಹಚ್ಚು.’ ಆಮೇಲೆ ಉಳಿದಿಬ್ಬರಿಗೆ ಕೊಟ್ಟಳು. ಕಡೆಗೆ ಹಾಲಿನ ಬಟ್ಟಲು ಎತ್ತಿಕೊಂಡಳು. ಎತ್ತಿದವಳು ಸುರಿಯಲಾರದೆ ಸ್ವಲ್ಪ ಹೊತ್ತು ಹಾಗೇ ಕೂತಳು. ಒಂದು ಆಯುಷ್ಯವೆಲ್ಲ ಊದಿ ಊದಿ ಕಾಪಾಡಿದ ಬೆಂಕಿ ಅದು. ಹಾಲು ಬಿದ್ದಾಗ ಒಲೆ ಚುಯ್ಯೆಂದಿತು. ಸುಟ್ಟ ಹಾಲಿನ ವಾಸನೆ ಮನೆಯನ್ನೆಲ್ಲ ತುಂಬಿತು. ಅಜ್ಜಿಯ ಮುಖ ಆ ಹಬೆಯಲ್ಲಿ ನನಗೆ ಕಾಣಿಸಲಿಲ್ಲ, ಕಾಣಿಸದೇ ಇದ್ದದ್ದು ಒಳ್ಳೆಯದೇ ಆಯಿತು.

ಹೊತ್ತು ಏರಿದ ಮೇಲೆ ರಾಯದುರ್ಗದವರು ಬಂದರು. ಅಜ್ಜಿ ಕಟ್ಟೆಯ ಕೆಳಗೆ, ಬಿಸಿಲಿನಲ್ಲಿ ಹೋಗಿ ನಿಂತಳು. ಅವಳ ಹಿಂದೆ ಚಿಕ್ಕವ್ವ, ಸೊಂಟದಲ್ಲಿ ಗಂಗಿ. ಚಿಕ್ಕವ್ವನ ಹಿಂದೆ ಹಟ್ಟಿಯ ಹೆಂಗಸರು ಒಬ್ಬೊಬ್ಬರೇ ಬಂದು ನಿಂತರು. ಯಾರೂ ಕರೆದಿರಲಿಲ್ಲ.

‘ಸೂರಣ್ಣ, ನನ್ನ ಮಗ ಎಲೆ ಹಿಡಿದಿದ್ದು ನಿಜ’ ಎಂದಳು ಅಜ್ಜಿ. ‘ಅದನ್ನ ಸುಳ್ಳು ಮಾಡಕೆ ನಾನು ಬಂದಿಲ್ಲ. ಅವನ ಒಲೆಗೆ ಅವನ ಮಾತು. ಪಾಲಕ್ಕನ ಒಲೆ ಬ್ಯಾರೆ ಐತೆ.’

‘ಯಾವಾಗಿಂದ ಯಜಮಾನ್ತಿ?’

‘ಇವತ್ತು ಹೊತ್ತು ಮೂಡಿದಾಗಿಂದ. ಅಗಾ, ಹೊಗೆ ಕಾಣ್ತೈತಲ್ಲ.’

ಎಲ್ಲರೂ ತಿರುಗಿ ನೋಡಿದರು. ರೊಪ್ಪದ ಪಕ್ಕದ ಗುಡಿಸಲಿನ ಹುಲ್ಲಿನೊಳಗಿಂದ ತೆಳ್ಳನೆಯ ಹೊಗೆ ಏಳುತ್ತಿತ್ತು. ದೊಡ್ಡಮನೆಯ ಮಾಳಿಗೆಯ ಮೇಲೆ ಹೊಗೆ ಇರಲಿಲ್ಲ. ಕಟ್ಟೆಯ ಮೇಲಿದ್ದವರಿಗೆ ಆಗ ತಿಳಿಯಿತು ಏನಾಗಿದೆ ಎಂದು. ಒಬ್ಬ ಮುದುಕ ತಲೆಯ ಮೇಲೆ ಕೈ ಇಟ್ಟುಕೊಂಡ. ಇನ್ನೊಬ್ಬ ಮಾತ್ರ, ‘ಗಂಡಸಿಲ್ಲದ ಒಲೆ ಎಲ್ಲಾದ್ರೂ ಉಂಟಾ?’ ಎಂದು ಎದ್ದುನಿಂತ.

ಅಜ್ಜಿ ಅವನ ಕಡೆ ತಿರುಗಿದಳು. ‘ನನ್ನ ಗಂಡ ಸತ್ತಾಗ ನೀನಿನ್ನೂ ಚಡ್ಡಿ ಹಾಕಿರ್ಲಿಲ್ಲ ಕಣಪ್ಪ. ಅವತ್ತಿಂದ ನಿಮ್ಮವ್ವ ಯಾರ ಮನೆಯಿಂದ ಕೆಂಡ ಒಯ್ದು ನಿನಗೆ ಮುದ್ದೆ ತಿರುವಿ ಹಾಕಿದ್ಲು? ಆ ಒಲೆಯಾಗೆ ಯಾವ ಗಂಡಸು ಇದ್ದ?’

ಅವನು ಕೂತ. ಸೂರಯ್ಯ ತಾತ ಕೋಲನ್ನು ಕೆಳಗಿಟ್ಟು, ಅಜ್ಜಿಯನ್ನು ಬಿಟ್ಟು ಹಿಂದೆ ನೋಡಿದ. ‘ಹಂಗಾದ್ರೆ ಆ ಒಲೆಯೋರನ್ನೇ ಕೇಳ್ಬೇಕು. ನಿನ್ನ ಮಾತೇನವ್ವಾ, ಪಾಲಕ್ಕ?’ ಆ ಕಟ್ಟೆಯಿಂದ ಒಬ್ಬ ಹೆಂಗಸಿಗೆ ಬಂದ ಮೊದಲ ಪ್ರಶ್ನೆ ಅದೇ ಇರಬೇಕು.

‘ನಾನು ಎಲ್ಲೂ ಹೋಗಲ್ಲ ತಾತ’ ಎಂದಳು ಚಿಕ್ಕವ್ವ. ಅಷ್ಟನ್ನು ಹೇಳುವುದಕ್ಕೆ ಅವಳು ಗಂಗಿಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. ರಾಯದುರ್ಗದಿಂದ ಬಂದಿದ್ದ ಆ ಮನುಷ್ಯನೇ ಮೊದಲು ಎದ್ದ. ‘ಸರೇ ಅಮ್ಮಾ’ ಎಂದು ಕೈ ಮುಗಿದು, ಮೇಲುವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡು ನಡೆದ. ಅವನ ಬೆನ್ನು ನೋಡಿ ನನಗೆ ಪಾಪ ಅನ್ನಿಸಿತು.

ಗೆದ್ದ ಮೇಲೆ ಏನಾಯಿತೆಂದು ಕಥೆ ಹೇಳುವವರು ಹೇಳುವುದಿಲ್ಲ. ನಾನು ಹೇಳುತ್ತೇನೆ. ಕುರಿಗಳನ್ನು ಮೂರು ಪಾಲು ಮಾಡಿದರು. ಬೇರೆಯಾದ ಮರಿಗಳು ಒಂದು ವಾರ ಅರಚಿದವು. ನಡುಮನೆಯಲ್ಲಿ ಗೋಡೆ ಎದ್ದಿತು. ನನ್ನ ಅಪ್ಪ ಹೊಲದ ಕಡೆ ಗುಡಿಸಲು ಹಾಕಿಕೊಂಡ, ದೊಡ್ಡಪ್ಪನೂ ಕಡೆಗೆ ಆ ಮನೆ ಬಿಟ್ಟು ಬೇಲಿಯ ಕಡೆ ಗುಡಿಸಲು ಕಟ್ಟಿಕೊಂಡ. ಜೊತೆಯಲ್ಲಿ ಮಲಗುತ್ತಿದ್ದ ನಾವು ಮಕ್ಕಳು ಬೇರೆ ಬೇರೆ ಸೂರುಗಳ ಕೆಳಗೆ ಮಲಗಿ, ಒಬ್ಬರನ್ನೊಬ್ಬರು ಕೂಗಿ ಕರೆದು ಸಾಕಾಗಿ ಸುಮ್ಮನಾದೆವು. ಅಜ್ಜಿ ಪಾಲಕ್ಕನ ಒಲೆಗೆ ಸೇರಿದಳು. ಸಂಜೆ ಕೆಂಡಕ್ಕೆ ಬರುವವರು ಇಲ್ಲವಾದರು, ಎಲ್ಲರಿಗೂ ಬೆಂಕಿಪೊಟ್ಟಣ ಸಾಕಾಯಿತು. ‘ಅಷ್ಟು ದೊಡ್ಡ ಮನೇನ ಒಂದು ಹೆಣ್ಣಿಗೋಸ್ಕರ ಒಡೆದಾಕಿದ್ಲು’ ಎಂದು ಅವಳಿಗೆ ಕೇಳುವ ಹಾಗೆಯೇ ಕೆಲವರು ಅಂದರು. ಅಜ್ಜಿ ಗುಡಿಸಲ ನೆರಳಿನಲ್ಲಿ ಕಾಲು ಚಾಚಿ ಶೇಂಗಾ ಸುಲಿಯುತ್ತ, ಪಕ್ಕದಲ್ಲಿ ಕೂತ ಗಂಗಿಯ ಬಾಯಿಗೆ ಒಂದೊಂದೇ ಕಾಳು ಹಾಕುತ್ತಿದ್ದಳು. ಬೆಳಿಗ್ಗೆ ಎದ್ದು ಅಂಗಳದಲ್ಲಿ ನಿಂತು ಗಾಳಿಗೆ ಮೂಗು ಒಡ್ಡುವ ಅಭ್ಯಾಸ ಮಾತ್ರ ಹೋಗಲಿಲ್ಲ, ಆದರೆ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಹಾಗೇ ಸಣ್ಣಗಾಗುತ್ತ ಸಣ್ಣಗಾಗುತ್ತ ಒಂದು ಚಳಿಗಾಲದಲ್ಲಿ ತೀರಿಕೊಂಡಳು. ಕೆಲವು ವರ್ಷಗಳ ಮೇಲೆ ಪಂಚಾಯ್ತಿಯಲ್ಲಿ ನಮ್ಮ ಹಟ್ಟಿಯ ಸ್ಥಾನ ಹೆಂಗಸರಿಗೆ ಮೀಸಲಾದಾಗ ಹಟ್ಟಿಯವರು ಒಂದೇ ಬಾಯಿಂದ ಪಾಲಕ್ಕನ ಹೆಸರು ಹೇಳಿದರು. ಅದನ್ನು ನೋಡಲು ಅಜ್ಜಿ ಇರಲಿಲ್ಲ. ಅದೂ ನನಗೆ ಇವತ್ತಿಗೂ ನೋವೇ.

ದೊಡ್ಡಮನೆಯ ಮಾಳಿಗೆ ಎರಡು ಮಳೆಗಾಲಕ್ಕೆ ಕುಸಿಯಿತು. ಮಣ್ಣಿನ ಗೋಡೆಗೆ ಒಳಗೆ ಬೆಂಕಿ ಇರಬೇಕು, ಇಲ್ಲದಿದ್ದರೆ ತೇವ ಹಿಡಿದು ಬೀಳುತ್ತದೆ. ಆ ಮನೆಗಾಗಿ ನಾನು ಎಷ್ಟು ಹಂಬಲಿಸಿದ್ದೇನೆಂದು ಇಷ್ಟು ಹೊತ್ತು ಓದಿದ ನಿಮಗೆ ಬೇರೆ ಹೇಳಬೇಕಿಲ್ಲ. ನಿಮಗೂ ಅಂಥದ್ದೊಂದು ಮನೆ ಇದ್ದಿರಬೇಕು, ಈಗ ಇರಲಿಕ್ಕಿಲ್ಲ. ಚಳ್ಳಕೆರೆಯಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದಾಗ ಹಾಸ್ಟೆಲಿನ ಗೆಳತಿಯರಿಗೆ ಆ ಮನೆಯ ಕಥೆ ಹೇಳಿ ಹೇಳಿ ಅವರಿಗೂ ಅದರ ಕನಸು ಬೀಳುವ ಹಾಗೆ ಮಾಡಿದ್ದೆ.

ಆಗಲೇ ಒಂದು ರಜೆಯಲ್ಲಿ ಹಟ್ಟಿಗೆ ಬಂದಿದ್ದೆ. ಗಂಗಿಗೆ ಹನ್ನೆರಡೋ ಹದಿಮೂರೋ ವಯಸ್ಸು. ಶಾಲೆಯಿಂದ ಅಶೋಕನ ಶಾಸನವಿರುವ ಬ್ರಹ್ಮಗಿರಿ ನೋಡಲು ಕರೆದುಕೊಂಡು ಹೋಗುತ್ತಾರಂತೆ, ಅವಳಿಗೆ ನೆಗಡಿ, ಚಿಕ್ಕವ್ವ ಬೇಡ ಎಂದಿದ್ದಳು. ಹೊಸ್ತಿಲಲ್ಲಿ ಮಗಳನ್ನು ಕೂರಿಸಿಕೊಂಡು ತಲೆ ಬಾಚುತ್ತಿದ್ದಳು, ಮಗಳು ಬಾಚಣಿಗೆಯ ಕೆಳಗೇ ಕುಣಿಯುತ್ತ ಜಗಳ ಮಾಡುತ್ತಿದ್ದಳು. ‘ಬಿಡು, ನೀನು ನಮ್ಮವ್ವನೇ ಅಲ್ಲ’ ಎಂದಳು ಗಂಗಿ. ‘ಆಯ್ತು ಬಿಡು, ಅಲ್ಲ’ ಎಂದು ಚಿಕ್ಕವ್ವ ನಕ್ಕಳು. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದ ಗಂಗಿ ಆಮೇಲೆ ನನ್ನ ಕಡೆ ಕತ್ತು ತಿರುಗಿಸಿ ದನಿ ತಗ್ಗಿಸಿದಳು.

‘ಅಕ್ಕಾ, ದೊಡ್ಡಮನೆ ಭಾರಿ ಚೆನ್ನಾಗಿತ್ತಂತೆ, ನಿಜವಾ? ನಮ್ಮವ್ವನಿಂದ್ಲೇ ಒಡೀತಂತೆ. ಎಲ್ರೂ ಅಂತಾರೆ.’

ಚಿಕ್ಕವ್ವನ ಕೈಯಲ್ಲಿ ಬಾಚಣಿಗೆ ನಿಂತಿತು. ನನ್ನ ಬಾಯಿತುಂಬ ಆ ಮನೆಯಿತ್ತು. ಅದರ ತಂಪು, ಅದರ ನೆರಳು, ಅದರ ಕತ್ತಲು.

‘ಅಂಥಾದ್ದೇನೂ ಇರ್ಲಿಲ್ಲ ಕಣೆ’ ಎಂದೆ. ‘ಇಕ್ಕಟ್ಟು ಮನೆ. ಮಳೆ ಬಂದ್ರೆ ಸೋರ್ತಿತ್ತು. ಕಾಲು ಚಾಚಿ ಮಲಗಕೂ ಜಾಗ ಇರ್ಲಿಲ್ಲ.’

‘ಹೌದಾ’ ಎಂದಳು ಗಂಗಿ. ಅವಳಿಗೆ ನೆಮ್ಮದಿಯಾದಂತೆ ಕಂಡಿತು. ಚಿಕ್ಕವ್ವ ನನ್ನ ಮುಖ ನೋಡಲಿಲ್ಲ. ಮಗಳ ತಲೆಯನ್ನು ತನ್ನ ಕಡೆ ತಿರುಗಿಸಿಕೊಂಡು ಬೈತಲೆ ತೆಗೆಯತೊಡಗಿದಳು.